ಲಕ್ಷ ಜನರ ಗುಂಪಿಗೆ ಬಾಗಿಲು ಕಾದ ಒಂಬತ್ತು ವರ್ಷ

"ಬರೀ ಮೊಬೈಲ್ ನೋಡೋ ಕೆಲಸ ಅಲ್ಲೇನ್ರಿ ಅಕ್ಕಾರ, ಇದ್ರಾಗ ಕಷ್ಟ ಏನದ?" ಎಂದು ಮೊನ್ನೆ ಒಬ್ಬ ಹುಡುಗಿ ಫೋನಿನಲ್ಲಿ ಕೇಳಿದಳು. ನಾನು ಬಿಟ್ಟುಬಂದ ಕುರ್ಚಿಗೆ ಅವಳನ್ನು ತೆಗೆದುಕೊಂಡಿದ್ದಾರಂತೆ. ಕಷ್ಟ ಏನೂ ಇಲ್ಲ ತಂಗಿ, ಲಕ್ಷಕ್ಕೂ ಹೆಚ್ಚು ಜನ ದಿನವಿಡೀ ನಿನ್ನ ಕಿವಿಯ ಹತ್ತಿರ ಬಾಯಿಟ್ಟು ಒದರುತ್ತಿರುತ್ತಾರೆ, ನೀನು ಯಾರ ಮಾತು ಹೊರಗೆ ಹೋಗಬೇಕು, ಯಾರದು ಹೋಗಬಾರದು ಎಂದು ಹೇಳುತ್ತಿರಬೇಕು, ಅಷ್ಟೇ ಎಂದೆ. ಅವಳು ನಕ್ಕಳು. ನಾನೂ ಮೊದಲ ದಿನ ಹಾಗೇ ನಕ್ಕಿದ್ದೆ. ಫೋನಿನಲ್ಲಿ ಅವಳಿಗೆ ಹೇಳಲಾಗದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿದ ಮೇಲೂ ಆ ಕೆಲಸಕ್ಕೇ ಹೋಗುತ್ತೇನೆ ಎಂದರೆ ಹೋಗಲಿ, ಬೇಡ ಎನ್ನಲು ನಾನ್ಯಾರು.

ನನ್ನ ಹೆಸರು ಕಸ್ತೂರಿಬಾಯಿ. ಇದಕ್ಕೂ ಮುಂಚೆ ಇಪ್ಪತ್ತು ಚಿಲ್ಲರೆ ವರ್ಷ ಕಲಬುರಗಿಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುತ್ತಿದ್ದೆ. ಲಗ್ನಪತ್ರಿಕೆ, ತೀರಿಕೊಂಡವರ ಶಿವಗಣಾರಾಧನೆಯ ಕಾರ್ಡು, ಚುನಾವಣೆಯ ಕರಪತ್ರ, ಅಂಗಡಿಯ ಬಿಲ್ಲು. ಜನ ಲಗ್ನಪತ್ರಿಕೆಯನ್ನೂ ಮೊಬೈಲಿನಲ್ಲೇ ಕಳಿಸತೊಡಗಿದ ಮೇಲೆ ಪ್ರೆಸ್ಸು ಮುಚ್ಚಿತು. ಆಗ ನನಗೆ ಐವತ್ತೊಂದು. ಬೇಳೆ ಪಾಕೀಟಿನ ಲೇಬಲ್ ಮಾಡಿಸಲು ನಮ್ಮಲ್ಲಿಗೆ ಬರುತ್ತಿದ್ದ ನಂದೂರಿನ ಮಿಲ್ಲಿನ ಸಾವಕಾರರು, "ಬಾಯಾರ, ನಿಮಗ ಕನ್ನಡ ಜಲ್ದಿ ಟೈಪ್ ಮಾಡಾಕ ಬರ್ತದ, ನಮ್ಮ ಗ್ರೂಪ್ ನೋಡ್ಕೊಳ್ರಿ" ಎಂದರು. ತಮ್ಮ ಬೇಳೆಯ ಪ್ರಚಾರಕ್ಕೆಂದು ಅವರು ಜಾಲತಾಣದಲ್ಲಿ ಊರಿನ ಹೆಸರಿನಲ್ಲೊಂದು ಗುಂಪು ತೆರೆದಿದ್ದರು. ಬೇಳೆಯನ್ನು ಯಾರೂ ಕೇಳಲಿಲ್ಲ. ಬಾಡಿಗೆ ಖೋಲಿ, ಕರೆಂಟು ಹೋದದ್ದು, ಕಳೆದ ಪರ್ಸು, ಸಿಕ್ಕಿದ ಕೀಲಿಕೈ, ಆಸ್ಪತ್ರೆಗೆ ಬೇಕಾದ ರಕ್ತ, ಇವನ್ನು ಕೇಳಲು ಊರಿಗೆ ಊರೇ ಬಂದು ಸೇರಿತು. ಗುಂಪಿನ ಹೆಸರು ಬರೆಯುವುದಿಲ್ಲ, ಅದಕ್ಕೆ ಇನ್ನಷ್ಟು ಜನರನ್ನು ಸೇರಿಸಿಕೊಡುವ ಆಸೆ ನನಗಿಲ್ಲ.

ಜಗತ್ ಸರ್ಕಲ್ಲಿನ ಹತ್ತಿರ ಒಂದು ಬಟ್ಟೆ ಅಂಗಡಿಯ ಮೇಲಿನ ಖೋಲಿ ನಮ್ಮ ಆಫೀಸು. ಎರಡು ಕಂಪ್ಯೂಟರು, ಒಂದು ಕೂಲರು, ಬೆಳಿಗ್ಗೆಯಿಂದ ನಾನು, ಮಧ್ಯಾಹ್ನದಿಂದ ನನ್ನ ಜೊತೆ ಮೋಮಿನಪುರದ ಅನ್ವರ್. ಅವನು ಉರ್ದುವಿನಲ್ಲಿ ಬಂದದ್ದನ್ನೂ ಓದುತ್ತಿದ್ದ, ಕನ್ನಡದಲ್ಲಿ ಬಂದ ಬೈಗುಳವನ್ನು ನನಗೆ ತೋರಿಸದೆ ಅಳಿಸುತ್ತಿದ್ದ. ಅಷ್ಟು ಮರ್ಯಾದೆ ಇದ್ದ ಮನುಷ್ಯನನ್ನು ಆ ಒಂಬತ್ತು ವರ್ಷದಲ್ಲಿ ಬೇರೆ ನೋಡಲಿಲ್ಲ. ಕೆಲಸ ಇಷ್ಟು: ಗುಂಪಿನಲ್ಲಿ ಯಾರೇ ಪೋಸ್ಟು ಹಾಕಿದರೂ ಅದು ಕೂಡಲೇ ಕಾಣುವುದಿಲ್ಲ, ಮೊದಲು ನಮ್ಮ ಮುಂದೆ ಸಾಲಿಗೆ ಬಂದು ನಿಲ್ಲುತ್ತದೆ; ಬಿಟ್ಟ ಪೋಸ್ಟಿನ ಕೆಳಗಿನ ಕಾಮೆಂಟು ಮಾತ್ರ ತಡೆಯಿಲ್ಲದೆ ಬೀಳುತ್ತದೆ. ನಾವು ಓದಿ ಬಿಡಬೇಕು, ಇಲ್ಲವೇ ತಡೆಯಬೇಕು. ಬಿಟ್ಟರೆ ಯಾಕೆ ಬಿಟ್ಟಿರಿ ಎಂದು ಒಂದು ಗುಂಪು ಬೈಯುತ್ತದೆ, ತಡೆದರೆ ಯಾಕೆ ತಡೆದಿರಿ ಎಂದು ಇನ್ನೊಂದು.

ಬೈಯುವವರಿಗೆ ನಾನು ಹೆಂಗಸು ಎಂದು ಗೊತ್ತಿರಲಿಲ್ಲ. ಅಡ್ಮಿನ್ ಎಂದರೆ ಅವರ ಪಾಲಿಗೆ ಒಬ್ಬ ಸಾಹೇಬ, ಕುರ್ಚಿ, ಮೀಸೆ. "ಅಡ್ಮಿನ್ ಸಾಹೇಬ್ರ, ನೀವು ದೇವ್ರು" ಎಂದು ಬೆಳಿಗ್ಗೆ ಬರೆದವನೇ ಸಂಜೆ ತನ್ನ ಪೋಸ್ಟು ತಡೆದದ್ದಕ್ಕೆ "ಜಗತ್ ಸರ್ಕಲ್ಲಿನ್ಯಾಗ ನಿಂದ್ರಸಿ ಮೀಸಿ ಬೋಳಸ್ತೀನಿ" ಎಂದು ಬರೆಯುತ್ತಿದ್ದ. ಒಬ್ಬ ಮಹಾನುಭಾವ ನಿಜವಾಗಿಯೂ ಮೆಟ್ಟಿಲು ಹತ್ತಿ ಬಂದ. ಬಾಗಿಲಲ್ಲಿ ನಿಂತು, ಮೂಗಿನ ತುದಿಗೆ ಕನ್ನಡಕ ಹಾಕಿಕೊಂಡು ಕುಳಿತಿದ್ದ ನನ್ನನ್ನು ನೋಡಿ, "ಅವ್ವಾರ, ಅಡ್ಮಿನ್ ಎಲ್ಲಿ ಹೋಗ್ಯಾನ್ರಿ?" ಎಂದು ಮೆಲ್ಲಗೆ ಕೇಳಿದ. ಚಹಾ ಕುಡಿಯಲು ಹೋಗಿದ್ದಾರೆ, ಕುಳಿತುಕೊಳ್ಳಿ ಎಂದೆ. ಅರ್ಧ ತಾಸು ಕುಳಿತು, ಕೂಲರಿನ ಗಾಳಿ ಕುಡಿದು, ನನಗೆ ನಮಸ್ಕಾರ ಹೇಳಿ ಹೋದ.

ಜನರ ಜಗಳದ ಬಗ್ಗೆ ಬಹಳ ಬರೆಯುವುದಿಲ್ಲ, ಎಲ್ಲ ಒಂದೇ. ಒಮ್ಮೆ ಯಾರೋ ಕಮಲಾಪುರದ ಕೆಂಪು ಬಾಳೆಹಣ್ಣಿನ ಫೋಟೋ ಹಾಕಿ, ಇದು ಖರೇ ಕಮಲಾಪುರದ್ದೇ ಹೌದೋ ಅಲ್ಲವೋ ಎಂದು ಕೇಳಿದ. ಬಾಳೆಹಣ್ಣಿನಲ್ಲಿ ಜಗಳಾಡುವಂಥದ್ದು ಏನಿದೆ ಎಂದು ಬಿಟ್ಟೆ. ಮೂರನೆಯ ಕಾಮೆಂಟಿಗೆ ಮಣ್ಣಿನ ಮಾತು ಬಂತು, ಐದನೆಯದಕ್ಕೆ ಯಾರ ಹೊಲ ಎಂಬ ಮಾತು, ಎಂಟನೆಯದಕ್ಕೆ ಯಾವ ಜಾತಿಯವರ ಹೊಲ ಎಂದು, ಹನ್ನೊಂದನೆಯದಕ್ಕೆ ಒಬ್ಬನ ತಾಯಿ ಬಂದಳು. ಫೋಟೋ ಹಾಕಿದವನು ಅಷ್ಟು ಹೊತ್ತಿಗೆ ಹಣ್ಣು ತಿಂದು ಮುಗಿಸಿದ್ದನಂತೆ. ಅನ್ವರ್ ಅದನ್ನು ಮುಚ್ಚಿ, "ಆಪಾ, ನಾಳೆ ಉಳ್ಳಾಗಡ್ಡಿ ಫೋಟೋ ಬಂದ್ರ ಬಿಡಬ್ಯಾಡ್ರಿ" ಎಂದ.

ಇನ್ನೊಂದನ್ನು ಬರೆಯದೆ ಇರಲಾಗದು. ಒಬ್ಬ ಪುಢಾರಿಯ ಹುಟ್ಟುಹಬ್ಬಕ್ಕೆ ಅವನ ಹಿಂಬಾಲಕರು ದೊಡ್ಡ ಹಾರ ಹಾಕಿದ ಫೋಟೋ ಕಳಿಸಿದರು. ಅದೇನು ಕಲೆಗಾರಿಕೆಯೋ, ಫೋಟೋವನ್ನು ಕಪ್ಪು ಬಿಳುಪು ಮಾಡಿದ್ದರು. ಮೇಲೆ ಶುಭಾಶಯದ ಮಾತು ದೊಡ್ಡದಾಗಿ ಬರೆದದ್ದನ್ನು ಓದಿ ನಾನು ಬಿಟ್ಟೆ. ನಮ್ಮ ಜನ ಓದುವುದಿಲ್ಲ, ನೋಡುತ್ತಾರೆ. ಮೊದಲನೆಯವನು ಹಾರ ನೋಡಿ "ಓಂ ಶಾಂತಿ" ಎಂದು ಬರೆದ. ಎರಡನೆಯವನು ಮೊದಲನೆಯವನನ್ನು ನೋಡಿ ಬರೆದ. ಮಧ್ಯಾಹ್ನದ ಹೊತ್ತಿಗೆ ಅವನ ಒಳ್ಳೆಯ ಗುಣಗಳನ್ನು ನೆನೆದು ನೂರಾರು ಜನ ಅಳುತ್ತಿದ್ದರು. ಅವನ ಬೀಗರು ಊರಿನಿಂದ ಜೀಪು ಮಾಡಿಕೊಂಡು ಹೊರಟೇಬಿಟ್ಟಿದ್ದರು. ಪುಢಾರಿ ತಾನೇ ಫೋನ್ ಮಾಡಿದ. ಪೋಸ್ಟು ತೆಗೆಸುತ್ತಾನೆ ಎಂದುಕೊಂಡರೆ, "ಬಾಯಾರ, ಸಂಜೀತನ ಇರ್ಲಿ ಬಿಡ್ರಿ, ಯಾರ‍್ಯಾರು ಏನೇನು ಬರೀತಾರ ನೋಡೂಣು" ಎಂದ.

ಇನ್ನು ಮೇಲಿನವರ ವಿಷಯ. ಸಾವಕಾರರು ಕೆಟ್ಟವರಲ್ಲ, ಆದರೆ ಅವರಿಗೆ ಗುಂಪು ಎಂದರೆ ಒಂದು ಅಂಕಿ. ಬೆಳಿಗ್ಗೆ ಫೋನ್ ಮಾಡಿದರೆ "ಎಷ್ಟ ಆದ್ರು?" ಎನ್ನುವುದೇ ಮೊದಲ ಮಾತು. ಜಗಳ ಹೆಚ್ಚಾಗಿದೆ, ಕಾಮೆಂಟು ಮುಚ್ಚುತ್ತೇನೆ ಎಂದರೆ, "ಇರ್ಲಿ ಬಿಡ್ರಿ ಬಾಯಾರ, ಜಗತ್ ಸರ್ಕಲ್ಲಿನ್ಯಾಗ ಇಬ್ರು ಬಡದಾಡಿದ್ರ ಜನ ಗಾಡಿ ನಿಂದ್ರಸಿ ನೋಡ್ತಾರಲ್ಲ, ಇದೂ ಹಂಗ" ಎನ್ನುತ್ತಿದ್ದರು. ಗಾಡಿ ನಿಲ್ಲಿಸಿ ನೋಡುವವರ ಮುಂದೆ ಅವರ ಬೇಳೆಯ ಜಾಹೀರಾತು ತೂಗಬೇಕು, ಅದಕ್ಕೆ ಜಗಳ ಬೇಕು. ಜಗಳದ ಹೊಲಸನ್ನು ಬಳಿದು ತೆಗೆಯಲು ನಾವಿಬ್ಬರು.

ಅವರ ಅಳಿಯ ಇಂಜಿನಿಯರಿಂಗ್ ಓದಿದವನು. ಒಂದು ದಿನ ಬಂದು, ಇಷ್ಟು ಜನ ಬರೆಯುವುದನ್ನು ಮನುಷ್ಯರು ಓದುವುದೇ ದಡ್ಡತನ, ಕೆಟ್ಟ ಶಬ್ದಗಳ ಪಟ್ಟಿ ಹಾಕಿದರೆ ಕಂಪ್ಯೂಟರೇ ತಡೆಯುತ್ತದೆ ಎಂದ. ಪಟ್ಟಿಯನ್ನೂ ತಾನೇ ಮಾಡಿದ. ಕೊಲೆ, ಕತ್ತಿ, ಹೆಣ ಎಂದು ಬರೆದುಕೊಂಡು ಹೋದವನು ಅದರ ಜೊತೆಗೆ ರಕ್ತ ಎಂದೂ ಸೇರಿಸಿದ. ಮಾರನೆಯ ದಿನ ಆಸ್ಪತ್ರೆಯಿಂದ ರಕ್ತ ಬೇಕು ಎಂದು ಕೇಳಿದವರದೆಲ್ಲ ಯಾರಿಗೂ ಕಾಣದ ಒಂದು ಮೂಲೆಗೆ ಹೋಗಿ ಬಿದ್ದಿತ್ತು. ಬಾಣಂತಿ ಮಗಳಿಗೆ ರಕ್ತ ಕೇಳಿದ್ದ ಒಬ್ಬ ತಾಯಿ ಬೆಳಿಗ್ಗೆ ಒಂಬತ್ತಕ್ಕೆ ಬರೆದಿದ್ದಳು, ನಾನು ನೋಡಿದ್ದು ಮಧ್ಯಾಹ್ನ ಎರಡಕ್ಕೆ. ಗಾಬರಿಯಿಂದ ಫೋನ್ ಮಾಡಿದರೆ, ವಾರ್ಡಿನಲ್ಲಿ ಪಕ್ಕದ ಮಂಚದವರ ಮಗ ಕೊಟ್ಟನಂತೆ, "ನಿಮ್ಮ ಗ್ರೂಪ್ ನಂಬಿ ಕುಂತಿದ್ರ ಮಗಳ ಹೋಗ್ತಿದ್ಳು" ಎಂದು ಫೋನ್ ಇಟ್ಟಳು. ಅಳಿಯನಿಗೆ ಹೇಳಿದರೆ, "ಅದು ಸಣ್ಣ ಸೆಟ್ಟಿಂಗ್ ಮಿಸ್ಟೇಕ್ ರೀ" ಎಂದ.

ಆ ದಿನ ನನ್ನ ತಲೆ ಕೆಟ್ಟಿತು. ಮೂರು ವಿಷಯಕ್ಕೆ ತಡೆಯಿಲ್ಲ ಎಂದು ನಿಯಮ ಮಾಡಿದೆ: ಸಾವು, ರಕ್ತ, ಕಾಣೆಯಾದವರು. ನಮ್ಮ ಕಡೆ ಸತ್ತವರನ್ನು ಅದೇ ದಿನ ಮಣ್ಣು ಮಾಡುತ್ತಾರೆ, ಅನ್ವರನ ಓಣಿಯಲ್ಲಿ ಮುಂದಿನ ನಮಾಜು ದಾಟಿಸುವುದಿಲ್ಲ. ಸುದ್ದಿ ತಡವಾದರೆ ತಂಗಿಗೆ ಅಣ್ಣನ ಮುಖ ಸಿಗುವುದಿಲ್ಲ. ಹೀಗಾಗಿ ಈ ಮೂರು ಬಂದ ಕೂಡಲೇ ಪ್ರಶ್ನೆ ಕೇಳದೆ ಬಿಡುವುದು, ಕಾಣೆಯಾದವರದನ್ನು ಎಲ್ಲಕ್ಕಿಂತ ಮೇಲೆ ಸಿಗಿಸುವುದು. ಅದರ ಬೆನ್ನಿಗೆ ಇನ್ನೊಂದು ನಿಯಮ. ಮುಖ ಇಲ್ಲದ, ಹೆಸರಿಲ್ಲದ ಹೊಸ ಖಾತೆ ತೆರೆದು ಹೊಲಸು ಬರೆದು ಓಡಿಹೋಗುವವರು ಬಹಳವಾಗಿದ್ದರು. ಹೆಣ್ಣುಮಗಳೊಬ್ಬಳು ಕಾಣೆಯಾದರೆ ಸಾಕು, ನನ್ನ ಜೊತೆ ಇದ್ದಾಳೆ ಎಂದು ಹಲ್ಲು ಕಿರಿಯುವ ದರಿದ್ರರು ಹತ್ತು ಜನ. ಅವರಿಗೆಂದು, ಹೊಸದಾಗಿ ಸೇರಿದವರು ಮೂರು ದಿನ ಏನೂ ಬರೆಯುವಂತಿಲ್ಲ ಎಂದು ಮಾಡಿದೆ. ಎರಡೂ ಚೆನ್ನಾಗಿ ನಡೆದವು. ಬೇರೆ ಊರಿನ ಗುಂಪುಗಳವರು ಫೋನ್ ಮಾಡಿ ಕೇಳಿ ಬರೆದುಕೊಂಡರು. ನನಗೆ ಸೊಕ್ಕು ಬಂತು. ಪ್ರೆಸ್ಸಿನಲ್ಲಿ ಬೇರೆಯವರ ಮಾತು ಜೋಡಿಸಿದವಳು ಈಗ ಊರಿಗೇ ಕಾನೂನು ಮಾಡಿದೆ ಎಂಬ ಸೊಕ್ಕು.

ನಾನು ನಿವೃತ್ತಳಾಗುವ ಆರು ತಿಂಗಳ ಮುಂಚೆ ಒಂದು ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಹೀಗೊಂದು ಬಂತು. ಇಪ್ಪತ್ತೈದು ಇಪ್ಪತ್ತಾರರ ಹುಡುಗಿಯ ಫೋಟೋ. "ನನ್ನ ತಂಗಿ ಕಾಣೆಯಾಗಿದ್ದಾಳೆ. ತಲೆ ಸರಿ ಇಲ್ಲ. ಅವಳು ಏನು ಹೇಳಿದರೂ ನಂಬಬೇಡಿ. ಕಂಡರೆ ಕೂಡಿಸಿಕೊಂಡು ಈ ನಂಬರಿಗೆ ಫೋನ್ ಮಾಡಿ." ಹಾಕಿದವನು ನಮ್ಮ ಹಳೆಯ ಸದಸ್ಯ. ಏನು ಹೇಳಿದರೂ ನಂಬಬೇಡಿ ಎಂಬ ಸಾಲಿನ ಮೇಲೆ ನನ್ನ ಕಣ್ಣು ನಿಲ್ಲಬೇಕಿತ್ತು. ಪ್ರೆಸ್ಸಿನಲ್ಲಿ ಒಂದು ಅಕ್ಷರ ಓರೆಯಾದರೆ ನಿಲ್ಲುತ್ತಿದ್ದ ಕಣ್ಣು ಇಲ್ಲಿ ನಿಲ್ಲಲಿಲ್ಲ. ಅರ್ಧ ನಿಮಿಷದಲ್ಲಿ ಬಿಟ್ಟೆ, ಮೇಲೆ ಸಿಗಿಸಿದೆ, ದಯವಿಟ್ಟು ಎಲ್ಲರೂ ಶೇರ್ ಮಾಡಿ ಎಂದು ನಾನೇ ಒಂದು ಸಾಲು ಸೇರಿಸಿದೆ.

ಹುಡುಗಿಯ ನಿಜವಾದ ಹೆಸರು ಬರೆಯುವುದಿಲ್ಲ, ಸುಜಾತಾ ಎನ್ನುತ್ತೇನೆ. ಹನ್ನೊಂದರ ಹೊತ್ತಿಗೆ ಒಂದು ಹೊಸ ಖಾತೆಯಿಂದ, ಫೋಟೋ ಇಲ್ಲ, ಹೆಸರಿನ ಜಾಗದಲ್ಲಿ ಒಂದೇ ಅಕ್ಷರ, ಒಂದು ಪೋಸ್ಟು ಸಾಲಿಗೆ ಬಂದು ನಿಂತಿತು. "ನಾನು ಕಾಣೆಯಾಗಿಲ್ಲ. ನನ್ನ ಇಚ್ಛೆಯಿಂದ ಮನೆ ಬಿಟ್ಟು ಬಂದಿದ್ದೇನೆ. ದಯವಿಟ್ಟು ಆ ಪೋಸ್ಟು ತೆಗೆಯಿರಿ." ಬಂದರು ನೋಡು ಹಲ್ಲು ಕಿರಿಯುವವರು ಎಂದುಕೊಂಡು ತಡೆದೆ. ಹೊಸ ಸದಸ್ಯರು ಮೂರು ದಿನ ಕಾಯಬೇಕು, ಸಹಕರಿಸಿದ್ದಕ್ಕೆ ಧನ್ಯವಾದ ಎಂಬ ಉತ್ತರ ತಾನಾಗಿ ಹೋಯಿತು. ಹತ್ತು ನಿಮಿಷಕ್ಕೆ ಮತ್ತೆ ಬಂತು, ತಡೆದೆ. ಮೂರನೆಯ ಸಲ ಬಂತು, ತಡೆದೆ. ನಾಲ್ಕನೆಯದು ಸ್ವಲ್ಪ ಉದ್ದವಿತ್ತು. ನಾನು ಮೊದಲ ಸಾಲು ಮಾತ್ರ ಓದಿ, ಇದಕ್ಕೆ ನಾಚಿಕೆಯಿಲ್ಲ ಎಂದು ಬೈದು, ಖಾತೆಯನ್ನೇ ಬ್ಲಾಕ್ ಮಾಡಿದೆ. ಆಗ ಹನ್ನೆರಡು ಗಂಟೆ. ಎದ್ದು ಹೋಗಿ ಊಟದ ಡಬ್ಬಿ ತೆರೆದೆ.

ಮಧ್ಯಾಹ್ನ ಕಮಲಾಪುರದಿಂದ ಹಣ್ಣಿನ ಗಾಡಿಯವನೊಬ್ಬ ಕಾಮೆಂಟು ಬರೆದ: ಈ ಹುಡುಗಿ ಮುಂಜಾನೆ ನಮ್ಮಲ್ಲಿ ಹಣ್ಣು ತೊಗೊಂಡಾಳ, ಇಲ್ಲೇ ಖಾಸಗಿ ಶಾಲಿಗೆ ಹೊಸ ಟೀಚರ್ ಅಂತ. ಅವನೇನು ಕೆಟ್ಟದ್ದು ಬಯಸಿದವನಲ್ಲ. ಕೈ ಮುಗಿಯುವ ಚಿತ್ರ ಹಾಕಿದವರು, ಬೇಗ ಹೋಗಿ ಎಂದು ಅವಸರ ಮಾಡಿದವರು, ಶಾಲೆಗೆ ಹೋಗುವ ದಾರಿ ಬರೆದು ತೋರಿಸಿದವರು, ಎಲ್ಲರೂ ಒಳ್ಳೆಯವರೇ. ಅಷ್ಟು ಒಳ್ಳೆಯತನವನ್ನು ಒಂದೇ ಕಡೆ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಸಂಜೆ ಅಣ್ಣ ಬರೆದ: "ಸಿಕ್ಕಿದ್ದಾಳೆ, ಥ್ಯಾಂಕ್ಸ್ ಅಡ್ಮಿನ್ ಸರ್." ನಾನು ಪೋಸ್ಟಿನ ಮೇಲೆ ಸಿಕ್ಕಿದ್ದಾರೆ ಎಂದು ದೊಡ್ಡದಾಗಿ ಬರೆದೆ. ಸಾವಕಾರರು ಫೋನ್ ಮಾಡಿ, "ನೋಡ್ರಿ ಬಾಯಾರ, ನಮ್ಮ ಗ್ರೂಪಿನ ತಾಕತ್ತು!" ಎಂದರು. ನನಗೂ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಯಿತು.

ಗುರುವಾರ ಬೆಳಿಗ್ಗೆ ಆ ಹುಡುಗಿ ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದಳು. ಅಂದು ಅನ್ವರನೂ ಬೇಗ ಬಂದಿದ್ದ. ಫೋಟೋದ ಮುಖವೇ, ಗುರುತು ಸಿಕ್ಕಿತು. "ಅಯ್ಯ ತಂಗಿ, ಸಿಕ್ಕೆಲ್ಲವಾ! ಬಾ ಬಾ, ಕೂಡು" ಎಂದು ಕುರ್ಚಿ ಎಳೆದೆ. ಅನ್ವರನಿಗೆ ಚಹಾ ತರಿಸು ಎಂದೆ.

ಅವಳು ಕೂಡಲಿಲ್ಲ. "ನೀವ ಏನ್ರಿ ಅಡ್ಮಿನ್?" ಎಂದಳು.

"ಹೌದವಾ."

"ನೀವು ಹೆಣ್ಮಕ್ಕಳು ಅಂತ ಗೊತ್ತಿದ್ರ ಇನ್ನಾ ಒಂದ್ ಸಲ ಬರೀತಿದ್ದೆ," ಎಂದು ಫೋನನ್ನು ನನ್ನ ಕೈಗೆ ಕೊಟ್ಟಳು.

ನಾಲ್ಕೂ ಅಲ್ಲಿದ್ದವು. ನಾನು ಅಂದು ಓದದೆ ಬಿಟ್ಟ ನಾಲ್ಕನೆಯದನ್ನು ಆಗ ಓದಿದೆ. "ಸರ್, ನನಗ ಇಪ್ಪತ್ತಾರು ವರ್ಷ. ಹುಚ್ಚು ಇಲ್ಲ. ಮನಿಯವರು ನನ್ನ ಹುಡುಕಾಕ ಹೊರಟಾರ. ನಾ ಇರೋ ಊರು ಯಾರರ ಬರದ್ರ ಸಂಜೀ ಒಳಗ ಬರ್ತಾರ. ಕೈ ಮುಗೀತೀನಿ, ಪೋಸ್ಟ್ ತೆಗೀರಿ." ಅದರ ಕೆಳಗೆ, ಈ ಗುಂಪಿನಿಂದ ನಿಮ್ಮನ್ನು ಹೊರಹಾಕಲಾಗಿದೆ ಎಂಬ ನಮ್ಮ ಉತ್ತರ. ಅನ್ವರ್ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದ. "ಯಾ ಅಲ್ಲಾ" ಎಂದವನು ತನ್ನ ಕುರ್ಚಿಗೆ ಹೋಗಿ ಮುಖ ತಿರುಗಿಸಿ ಕುಳಿತ.

ಅವಳು ನಿಂತೇ ಹೇಳಿದಳು. ಅಣ್ಣ, ಸೋದರಮಾವ, ಇನ್ನಿಬ್ಬರು ಕಾರಿನಲ್ಲಿ ಕಮಲಾಪುರಕ್ಕೆ ಬಂದಾಗ ಅವಳು ಶಾಲೆಯ ಹಿಂದಿನ ಬಾಗಿಲಿನಿಂದ ಹೊರಬಿದ್ದು ನೆಟ್ಟಗೆ ಠಾಣೆಗೆ ನಡೆದಿದ್ದಳು. ಪೊಲೀಸರು ಹೇಳಿಕೆ ಬರೆದುಕೊಂಡು, ವಯಸ್ಸಿಗೆ ಬಂದವಳು, ಅವಳ ಇಷ್ಟ ಎಂದು ಅವರನ್ನು ವಾಪಸ್ ಕಳಿಸಿದರು. ಅಣ್ಣ ಸಿಕ್ಕಿದ್ದಾಳೆ ಎಂದು ಬರೆದದ್ದು ಠಾಣೆಯ ಅಂಗಳದಲ್ಲಿ ನಿಂತು. ಆದರೆ ಅವಳ ಮುಖ ಊರ ತುಂಬ ತಿರುಗಿತ್ತು, ತಲೆ ಸರಿ ಇಲ್ಲ ಎಂಬ ಮಾತಿನ ಜೊತೆಗೇ. ಖೋಲಿ ಕೊಟ್ಟಿದ್ದ ಮುದುಕಿ, ಹುಚ್ಚು ಇದ್ದವರನ್ನು ಇಟ್ಟುಕೊಳ್ಳುವುದಿಲ್ಲ, ಐತವಾರದೊಳಗೆ ಖಾಲಿ ಮಾಡು ಎಂದಿದ್ದಳು.

"ಆ ಊರಾಗ ಬ್ಯಾರೆ ಯಾರೂ ಖೋಲಿ ಕೊಡವಲ್ರು. ಇದು ಹೋದ್ರ ನಾ ಅಣ್ಣನ ಮನೀಗೇ ಹೋಗ್ಬೇಕು. ಹೋದ್ರ ಮುಗೀತು," ಎಂದಳು.

ನಾನು ಸಾವಕಾರರಿಗೆ ಫೋನ್ ಹಚ್ಚಿದೆ. ತಪ್ಪಾಗಿದೆ, ಗುಂಪಿನಲ್ಲಿ ಬರೆದು ಕ್ಷಮೆ ಕೇಳುತ್ತೇನೆ ಎಂದೆ. "ಹುಚ್ಚ ಹಿಡದದೇನ್ರಿ ಬಾಯಾರ? ನಾವ ತಪ್ಪು ಅಂತ ಬರದ್ರ ನಾಳೆ ಯಾರ್ ನಂಬ್ತಾರ? ಆಕಿ ಪೋಸ್ಟ್ ತೆಗೀರಿ, ಮಾತ ಮುಗೀತು" ಎಂದರು. ಪೋಸ್ಟು ತೆಗೆದೆ. ಅದರ ನಕಲುಗಳು ಎಷ್ಟು ಗುಂಪಿನಲ್ಲಿ ಇದ್ದವೋ ದೇವರಿಗೂ ಗೊತ್ತಿರಲಿಲ್ಲ. ಸಾವಕಾರರು ಏನೇ ಅನ್ನಲಿ, ನಾನು ಬರೆದೇ ಬರೆಯುತ್ತೇನೆ ತಂಗಿ ಎಂದೆ.

"ಬ್ಯಾಡ್ರಿ," ಎಂದಳು ಸುಜಾತಾ. "ಹುಚ್ಚಿಲ್ಲ ಅಂತ ಬರದ್ರೂ ಜನ ಹುಚ್ಚು ಅನ್ನೋದನ್ನ ಓದ್ತಾರ. ಮತ್ತೊಮ್ಮಿ ನಂದ ಫೋಟೋ ತಿರಗ್ತದ. ನೀವು ನನ್ನ ಜೋಡಿ ಬರ್ರಿ. ನಿಮ್ಮ ಬಾಯಿಲೆ ಆ ಮುದುಕಿಗೆ ಹೇಳ್ರಿ."

ಮುಂದೆ ಏನಾಯಿತು ಎಂಬುದರಲ್ಲಿ ಆಫೀಸಿಗೆ ಸಂಬಂಧಪಟ್ಟದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಠಾಣೆಗೆ ದೂರು ಕೊಟ್ಟ ಕಾಗದವಿಲ್ಲದೆ ಕಾಣೆಯಾದವರ ಪೋಸ್ಟು ಬಿಡಬಾರದು, ಅದರ ವಿಷಯವಾಗಿ ಯಾರೇ ಬರೆದರೂ, ಖಾತೆ ಹೊಸದಿರಲಿ ಹಳೆಯದಿರಲಿ, ಕೊನೆಯ ಸಾಲಿನವರೆಗೆ ಓದಬೇಕು ಎಂದು ಆ ವಾರವೇ ನಿಯಮ ಬದಲಿಸಿದೆವು. ನನ್ನ ಕುರ್ಚಿಯಲ್ಲಿ ಕುಳಿತಿರುವ ಹುಡುಗಿ, ನಿನ್ನ ಮೇಜಿನ ಗಾಜಿನ ಕೆಳಗೆ ಇರುವ ಚೀಟಿ ಅದೇ. ಅದನ್ನು ಯಾರೂ ನನ್ನ ಜಾಣತನ ಎಂದು ಹೊಗಳದಿರಲಿ. ನಾನು ಕೆಲಸ ಬಿಡುವಾಗ ಸಾವಕಾರರು ಶಾಲು ಹೊದಿಸಿ, ಒಂಬತ್ತು ವರ್ಷ ಒಂದೂ ತಪ್ಪಿಲ್ಲದೆ ನಡೆಸಿದರು ಎಂದು ಭಾಷಣ ಮಾಡಿದರು. ಅನ್ವರ್ ನೆಲ ನೋಡುತ್ತಿದ್ದ.

ಆ ಗುರುವಾರವೇ ಆಫೀಸನ್ನು ಅನ್ವರನಿಗೆ ಒಪ್ಪಿಸಿ ಸುಜಾತಾಳ ಜೊತೆ ಕಮಲಾಪುರದ ಬಸ್ಸು ಹತ್ತಿದೆ. ಪಕ್ಕದ ಸೀಟಿನ ಹೆಂಗಸು ನಾಲ್ಕು ಸಲ ತಿರುಗಿ ನೋಡಿ, ಫೋನು ತೆಗೆದು ನೋಡಿ, ಕೊನೆಗೆ ಬಹಳ ಕಕ್ಕುಲಾತಿಯಿಂದ, "ಸಿಕ್ಕಿ ಏನವಾ ಮಗಳ? ಈಗ ಆರಾಮ ಅದೀ? ಗುಳಗಿ ತಗೊಳ್ಳಾಕತ್ತೀದಿಲ್ಲೊ?" ಎಂದಳು. ನಾನು ಬಾಯಿ ತೆರೆದೆ. ಸುಜಾತಾ ನನ್ನ ಕೈ ಒತ್ತಿ, "ಬಿಡ್ರಿ, ದಿನಾ ಇದ ಅದ" ಎಂದಳು. ಉಳಿದ ದಾರಿಯುದ್ದಕ್ಕೂ ಆ ಹೆಂಗಸು ಅವಳ ತಲೆ ಸವರುವುದೊಂದು ಬಾಕಿ. ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಅಷ್ಟು ನಾಚಿಕೆ ನನಗೆ ಅದಕ್ಕೂ ಮುಂಚೆ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಮುದುಕಿಯ ಹೆಸರು ಗುರಮ್ಮ. ಎಲ್ಲರೂ ಗುರಮ್ಮಾಯಿ ಎನ್ನುತ್ತಿದ್ದರು. ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದಳು, ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಫೋನು. ನಾನು ಹೊಸಿಲ ಹತ್ತಿರ ನಿಂತು, ಆ ಗ್ರೂಪು ನಡೆಸುವವಳು ನಾನೇ ಎಂದೆ.

"ಸುಳ್ಳ ಹೇಳಬ್ಯಾಡವಾ. ಅದನ್ನ ಯಾರೋ ಸಾಹೇಬ್ರು ನಡಸ್ತಾರ," ಎಂದಳು.

"ಇಲ್ಲಾಯಿ, ನಾನ. ಈ ಹುಡುಗಿಗಿ ಹುಚ್ಚಿಲ್ಲ. ಅವರ ಅಣ್ಣ ಸುಳ್ಳ ಬರದ. ನಾ ವಿಚಾರ ಮಾಡಲಾರದ ಬಿಟ್ಟೆ."

"ಗ್ರೂಪಿನ್ಯಾಗ ಬಂದದಲ್ಲ?"

"ಬಂದದ್ದು ನಾ ಬಿಟ್ಟಿದ್ದಕ್ಕ."

ಗುರಮ್ಮಾಯಿ ಶೇಂಗಾ ಸಿಪ್ಪೆ ಊದಿದಳು. "ನೀ ಯಾರೋ, ಏನೋ. ನಾಳೆ ನೀ ಹೋಗ್ತಿ, ನಾ ಆಕಿ ಜೋಡಿ ಇರಾಕಿ. ಹುಚ್ಚಿಲ್ಲ ಅಂತ ಗ್ರೂಪಿನ್ಯಾಗ ಹಾಕು, ಆಗ ನಂಬ್ತೀನಿ."

ಒಂಬತ್ತು ವರ್ಷ ನಾನು ಕಟ್ಟಿದ ನಂಬಿಕೆ ಅದು. ಎದುರಿಗೆ ನಿಂತ ಮನುಷ್ಯರಿಗಿಂತ ಗುಂಪಿನಲ್ಲಿ ಬಂದ ಸಾಲು ದೊಡ್ಡದು ಎನ್ನುವ ಹಾಗೆ ಕಟ್ಟಿದ್ದೆ. ಫೋನು ನನ್ನ ಕೈಯಲ್ಲೇ ಇತ್ತು, ಎರಡು ಸಾಲು ಬರೆದು ಒತ್ತಿದರೆ ಮುಗಿಯುತ್ತಿತ್ತು. ಹೆಬ್ಬೆರಳು ಅದರ ಮೇಲೆ ಹೋಗಿಯೂ ಇತ್ತು. ಸುಜಾತಾ ಬೇಡ ಎಂದು ತಲೆ ಅಲ್ಲಾಡಿಸಿದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಫೋನನ್ನು ಚೀಲದೊಳಗೆ ಹಾಕಿದೆ.

ಗುರಮ್ಮಾಯಿ ನನ್ನನ್ನು ಬಿಟ್ಟು ಅವಳ ಕಡೆ ತಿರುಗಿದಳು. "ಯಾಕ ಬಂದಿ ಮನಿ ಬಿಟ್ಟು? ನೀ ಹೇಳು."

ಸುಜಾತಾ ಪಡಸಾಲೆಯ ಅಂಚಿನಲ್ಲಿ ಕುಳಿತಳು. "ಸೋದರಮಾವಗ ಕೊಡ್ತೀವಿ ಅಂದ್ರು, ಆಯಿ. ಆತಗ ನಲವತ್ತೆರಡು, ಮೊದಲನೇ ಹೇಣ್ತಿ ತೀರ್ಕೊಂಡಾಳ. ಒಂದ್ ಸಲ ಬ್ಯಾಡ ಅಂದೆ, ಎರಡ್ ಸಲ ಬ್ಯಾಡ ಅಂದೆ. ಮೂರನೇ ಸಲ ಫೋನ್ ಕಸ್ಗೊಂಡು ಖೋಲ್ಯಾಗ ಹಾಕಿದ್ರು."

"ಹೊಡದ್ರೇನು?"

"ಅಣ್ಣ ಹೊಡದ. ಅವ್ವ ಬಿಡಸ್ಲಿಲ್ಲ." ಅವಳು ಅಳುವುದನ್ನು ತಡೆದುಕೊಂಡು ಹೇಳಿದಳು. "ನಾ ಬಿ.ಎಡ್. ಮಾಡೀನಿ. ಇಲ್ಲಿ ಕೆಲಸ ಸಿಕ್ಕದ. ಪಾಠ ಹೇಳ್ಕೋತ ಇರ್ತೀನಿ ಅಂತ ಬಂದೆ. ಅಷ್ಟ, ಆಯಿ. ಮತ್ತೇನಿಲ್ಲ."

ಗುರಮ್ಮಾಯಿಯ ಕೈ ಶೇಂಗಾದ ಮೇಲೆ ನಿಂತಿತ್ತು. ಇನ್ನೂ ಎರಡು ಮಾತು ಕೇಳಿದಳು: ಶಾಲೆಯಲ್ಲಿ ಯಾವ ಪಾಠ, ಮಾವ ಮತ್ತೆ ಬಂದರೆ ಹೆದರುತ್ತೀಯೋ. ಗಣಿತ ಎಂದಳು ಸುಜಾತಾ, ಹೆದರ್ತೀನಿ ಎಂದಳು. ಮುದುಕಿ ಕೈಯಲ್ಲಿದ್ದ ಶೇಂಗಾ ಮೊರಕ್ಕೆ ಹಾಕಿ, "ಕೀಲಿ ನಿನ್ನ ಹತ್ರನ ಇರ್ಲಿ. ಖೋಲಿ ಬಿಡಬ್ಯಾಡ. ಬರ್ಲಿ ಅವ್ರು, ನೋಡೂಣು" ಎಂದಳು. ಆಮೇಲೆ ನನ್ನ ಕಡೆ ನೋಡಿ, "ಇಷ್ಟ ಕೇಳಾಕ ನಿನಗೇನ್ ಧಾಡಿ ಆಗಿತ್ತವಾ?" ಎಂದಳು.

"ಕೇಳೋದೂ ಬೇಕಾಗಿರ್ಲಿಲ್ಲ ಆಯಿ," ಎಂದೆ. "ಆಕಿ ತಾನಾಗೇ ನಾಕ್ ಸಲ ಹೇಳಿದ್ಳು. ನಾನ ಆಕಿ ಬಾಯಿ ಮುಚ್ಚಿ ಹೊರಗ ಹಾಕ್ದೆ."

ಗುರಮ್ಮಾಯಿ ಮೊರ ಬದಿಗಿಟ್ಟು, ಮೊಣಕಾಲಿನ ಮೇಲೆ ಕೈಯೂರಿ ಎದ್ದಳು. ಹೊತ್ತು ಎರಡರ ಹತ್ತಿರ ಬಂದಿತ್ತು, ಒಳಗಿನಿಂದ ಕಾಯಿಪಲ್ಲೆಯ ವಾಸನೆ ಬರುತ್ತಿತ್ತು. "ನಡೀ, ರೊಟ್ಟಿ ಆರ್ತಾವ, ಉಣ್ಣು ಬಾ" ಎಂದು ಸುಜಾತಾಳ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದಳು. ನಮ್ಮ ಕಡೆ ಊಟದ ಹೊತ್ತಿಗೆ ಬಾಗಿಲಿಗೆ ಬಂದವರನ್ನು, ವೈರಿಯಾದರೂ, ಉಣ್ಣು ಬಾ ಎನ್ನದೆ ಕಳಿಸುವುದಿಲ್ಲ. ನನಗೆ ಅನ್ನಲಿಲ್ಲ. ನಾನು ಸ್ವಲ್ಪ ಹೊತ್ತು ಹೊಸಿಲ ಹತ್ತಿರ ನಿಂತಿದ್ದೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದೆ.